ಬಲಮುರಿ ಶಂಖದ ದೋಷ ಮತ್ತು ನಿಮ್ಮ ಏಳು ದಿನಗಳ ನಿಯಮ

ಉಡುಪಿ,
ಲಕ್ಷದೀಪೋತ್ಸವ ಮುಗಿದ ಮರುವಾರ

ಗೆ,
ಮಾಲೀಕರು,
ರಥಬೀದಿಯಿಂದ ಒಳಗೆ ತಿರುಗುವ ಓಣಿಯ ಕೆಂಪು ಪರದೆಯ ಅಂಗಡಿ, ಉಡುಪಿ

ವಿಷಯ: ದೋಷವಿರುವ ಶಂಖವನ್ನು ಹಿಂದಕ್ಕೆ ಪಡೆದು ₹18,500 ಮರಳಿಸುವ ಬಗ್ಗೆ.

ಮಾನ್ಯರೇ,

ಈವರೆಗೆ ಆರು ಸಲ ಫೋನ್ ಮಾಡಿದ್ದೇನೆ. ಐದು ಸಲ ನಿಮ್ಮ ಹುಡುಗ ‘ಧಣಿಗಳು ಊಟಕ್ಕೆ ಹೋಗಿದ್ದಾರೆ’ ಎಂದ. ಅದರಲ್ಲಿ ಒಂದು ಸಲ ಬೆಳಿಗ್ಗೆ ಒಂಬತ್ತು ಗಂಟೆ. ಆರನೆಯ ಸಲ ನೀವೇ ಎತ್ತಿ, ನನ್ನ ಧ್ವನಿ ಗುರುತಿಸಿ, ‘ಇದು ಕೋಳಿ ಆಹಾರದ ಅಂಗಡಿ’ ಎಂದು ಇಟ್ಟುಬಿಟ್ಟಿರಿ. ಅದು ಪೂರ್ತಿ ಸುಳ್ಳೂ ಅಲ್ಲ. ವಿಜಯದಶಮಿಯಂದು ನಾನು ಮೊಬೈಲಿನಲ್ಲಿ ಕಳಿಸಿದ ಹಣ ಹೋಗಿ ಸೇರಿದ್ದು ಒಂದು ಕೋಳಿ ಆಹಾರದ ಮಳಿಗೆಯ ಹೆಸರಿಗೆ. ಮೂವತ್ತನಾಲ್ಕು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನಿಗೆ ಅಂದೇ ಸಂಶಯ ಬರಬೇಕಿತ್ತು. ಬರಲಿಲ್ಲ. ಈ ಪತ್ರದಲ್ಲಿ ನಾನು ಒಪ್ಪಿಕೊಳ್ಳುವ ತಪ್ಪು ಇದೊಂದೇ.

ಅಂದು ನೀವು ಪರದೆಯ ಹಿಂದೆ ಕರೆದು ಹೇಳಿದ್ದು ನೆನಪಿರಬಹುದು. ‘ಬಾರಕೂರಿನ ಹಳೆಯ ಮನೆತನದ ಬಲಮುರಿ ಶಂಖ. ಶಾಪ ಹೊತ್ತದ್ದು. ಆದರೆ ಶಾಪ ತೆಗೆಸಿಯೇ ಮಾರುತ್ತಿದ್ದೇವೆ.’ ಬಿಲ್ ಕೇಳಿದೆ. ‘ಇಂಥ ವಸ್ತುವಿಗೆ ಬಿಲ್ ಹಾಕಿದರೆ ಶಕ್ತಿ ಇಳಿಯುತ್ತದೆ’ ಎಂದು 47 ಎಂದು ಬರೆದ ಚೀಟಿ ಕೊಟ್ಟಿರಿ. ನಿಮ್ಮ ತಲೆಯ ಮೇಲೆಯೇ ಫಲಕ ತೂಗುತ್ತಿತ್ತು: ‘ದೋಷವಿದ್ದಲ್ಲಿ ಏಳು ದಿನಗಳೊಳಗೆ ಹಣ ವಾಪಸ್’. ನಿಮ್ಮ ನಿಯಮವನ್ನು ನಿಮಗೇ ಓದಿ ಹೇಳಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ.

ಮೂರನೆಯ ರಾತ್ರಿಯಿಂದ ಶಂಖ ಮೊಳಗತೊಡಗಿತು. ಗಂಟೆ ಸರಿಯಾಗಿ ಮೂರು. ದೇವರ ಕೋಣೆಯಲ್ಲಿ ಕಿಟಕಿಯಿಲ್ಲ, ಗಾಳಿಯ ನೆಪ ಹೇಳಬೇಡಿ. ಒಂಬತ್ತು ವರ್ಷ ನಮ್ಮ ಮನೆಯಲ್ಲಿ ಉಂಡ ಬೆಕ್ಕು ಎದುರು ಮನೆಗೆ ವಾಸ ಬದಲಿಸಿತು. ಮಿಕ್ಸಿ ಸುಟ್ಟಿತು; ಅದನ್ನು ನಿಮ್ಮ ಲೆಕ್ಕಕ್ಕೆ ಹಾಕುವುದಿಲ್ಲ, ಅದು ಹಳೆಯದು.

ಆರನೆಯ ದಿನ ಸಂಜೆ ಶಂಖ ಹಿಡಿದು ನಿಮ್ಮಲ್ಲಿಗೆ ಬಂದೆ. ಏಳು ಮಂದಿ ಗಿರಾಕಿಗಳಿದ್ದರು, ಇಬ್ಬರು ನಮ್ಮ ಬೀದಿಯವರೇ. ನಾನು ಮೆಲ್ಲಗೆ ‘ಇದರಲ್ಲಿ ದೋಷವಿದೆ’ ಎಂದೆ. ನೀವು ಅಡಿಕೆ ಅಗಿಯುವುದನ್ನು ನಿಲ್ಲಿಸದೆ ‘ಏನು ದೋಷ?’ ಎಂದಿರಿ. ‘ರಾತ್ರಿ ತಾನಾಗಿ ಮೊಳಗುತ್ತದೆ’ ಎಂದು ಇನ್ನೂ ಮೆಲ್ಲಗೆ ಹೇಳಿದೆ. ‘ಕೇಳಿಸಲಿಲ್ಲ ರಾಯರೇ, ಜೋರಾಗಿ ಹೇಳಿ.’ ಜೋರಾಗಿ ಹೇಳಿದೆ. ‘ಮೊಳಗುವುದು ಶಂಖದ ದೋಷವೇ ಮಾರಾಯರೇ? ಮೊಳಗದಿದ್ದರೆ ದೋಷ’ ಎಂದಿರಿ. ನಕ್ಕವರನ್ನು ನಾನು ಎಣಿಸಿದ್ದೇನೆ. ಏಳಕ್ಕೆ ಏಳೂ.

ಅಷ್ಟಕ್ಕೆ ಬಿಟ್ಟಿರಾ? ‘ಬಿರುಕಿದೆಯೇ? ಒಡಕಿದೆಯೇ? ಇಲ್ಲವಲ್ಲ. ಫಲಕದಲ್ಲಿರುವುದು ವಸ್ತುವಿನ ದೋಷ. ನೀವು ತಂದಿರುವುದು ನಿಮ್ಮ ದೋಷ.’ ಆಮೇಲೆ ಎಲ್ಲರೆದುರು ಊದಿ ತೋರಿಸಲು ಹೇಳಿದಿರಿ. ಊದಿದೆ. ಸೈಕಲ್ ಟಯರಿನಿಂದ ಗಾಳಿ ಸೋರಿದಂಥ ಸದ್ದು ಬಂತು. ಒಬ್ಬ ಹುಡುಗ ಮೊಬೈಲಿನಲ್ಲಿ ಚಿತ್ರೀಕರಿಸಿದ. ನೀವು ನನ್ನ ನಕ್ಷತ್ರ ಕೇಳಿ, ಕಣ್ಣು ಮುಚ್ಚಿ, ಇಡೀ ಓಣಿಗೆ ಕೇಳುವಂತೆ ‘ಒಡಹುಟ್ಟಿದವರ ಕಣ್ಣೀರು ಕಾಣುತ್ತಿದೆ. ಅಕ್ಕ ಇದ್ದಾರೆಯೇ? ಪಾಲು ಸರಿಯಾಗಿ ಕೊಟ್ಟಿದ್ದೀರಾ?’ ಎಂದಿರಿ. ನಮ್ಮ ಬೀದಿಯವರಲ್ಲಿ ಒಬ್ಬರು ಕೆಮ್ಮಿದರು. ಆ ಕೆಮ್ಮಿನ ಅರ್ಥ ನನಗೆ ಗೊತ್ತು. ಪಾಲುಪಟ್ಟಿ 2004ರಲ್ಲೇ ನೋಂದಣಿಯಾಗಿದೆ. ಹದಿನಾಲ್ಕು ತೆಂಗಿನ ಮರಗಳು ಗಡಿಯ ಈಚೆಗೆ ಬಂದದ್ದು ಸರ್ವೆಯವರ ಅಳತೆಯಿಂದ. ಇದೆಲ್ಲ ಇಲ್ಲಿ ಅಪ್ರಸ್ತುತ. ಕಣ್ಣು ತೆರೆದು ನೀವು ಹೇಳಿದ ಮುಂದಿನ ಮಾತು ‘ಶಾಪ ಬಿಡಿಸುವ ಯಂತ್ರಕ್ಕೆ ₹7,500’. ತೆಗೆಸಿಯಾಗಿದೆ ಎಂದು ಮಾರಿದ ಶಾಪವನ್ನು ಮತ್ತೊಮ್ಮೆ ತೆಗೆಸಲು! ರೋಗವನ್ನೂ ಮದ್ದನ್ನೂ ಒಂದೇ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಮಾರುವ ನಿಮ್ಮ ಜಾಣ್ಮೆಯ ಮುಂದೆ ನಮ್ಮ ಬ್ಯಾಂಕು ಏನೂ ಅಲ್ಲ.

ಬೇಸತ್ತು ಶಂಖವನ್ನು ಪಡುಕೆರೆಯ ಕಡಲಿಗೆ ಬಿಟ್ಟೆ. ಮರುದಿನ ಅದು ದಡದಿಂದ ಎಳೆಯುವ ಕೈರಂಪಣಿ ಬಲೆಯಲ್ಲಿ ಬೂತಾಯಿ ಮೀನಿನ ಜತೆ ದಡಕ್ಕೆ ಬಂತು. ಸುತ್ತಿದ ಕೆಂಪು ಬಟ್ಟೆಯೊಳಗೆ ನನ್ನ ಹೆಸರು, ನಕ್ಷತ್ರ, ಫೋನ್ ಸಂಖ್ಯೆ ಬರೆದ ಚೀಟಿಯನ್ನು ನೀವು ಲ್ಯಾಮಿನೇಟ್ ಮಾಡಿ ಕಟ್ಟಿದ್ದಿರಿ. ನಿಮ್ಮ ಅಂಗಡಿಯಲ್ಲಿ ಬಾಳಿಕೆ ಬರುವ ವಸ್ತು ಅದೊಂದೇ. ಪುಣ್ಯಾತ್ಮರು ‘ಕಳೆದುಕೊಂಡಿರೇನೋ’ ಎಂದು ಫೋನ್ ಮಾಡಿ ರಿಕ್ಷಾದಲ್ಲಿ ಕಳಿಸಿಕೊಟ್ಟರು. ಬಾಡಿಗೆ ₹240 ನಾನೇ ಕೊಟ್ಟೆ.

ಕೊನೆಗೆ ಅಕ್ಕನಿಗೇ ಫೋನ್ ಮಾಡಬೇಕಾಯಿತು, ಎಂಟು ವರ್ಷಗಳ ನಂತರ. ಬೇರೆ ಯಾವ ಕಾರಣಕ್ಕೂ ಅಲ್ಲ. ಅವಳ ಮೊಮ್ಮಗಳು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದುತ್ತಾಳೆ. ಹುಡುಗಿ ಶಂಖದ ಬಾಯಿಯೊಳಗೆ ಬೆರಳಿಟ್ಟು ಅರೆ ನಿಮಿಷದಲ್ಲಿ ಹೇಳಿದಳು. ನಮ್ಮ ಶಂಖಕ್ಕೆ ಒಳಗಿನ ನಡುಗಂಬದ ಮೇಲೆ ಮೂರು ನಾಲ್ಕು ಏಣುಗಳಿರುತ್ತವೆ. ಇದರಲ್ಲಿ ಒಂದೂ ಇಲ್ಲ, ನುಣ್ಣಗೆ. ಇದು ಮೆಕ್ಸಿಕೋ ಕೊಲ್ಲಿಯ ಕಡೆ ಸಿಗುವ ಬೇರೆಯೇ ಜಾತಿಯ ಕಡಲ ಬಸವನಹುಳುವಿನ ಚಿಪ್ಪು. ಆ ಕುಲದ್ದು ಹುಟ್ಟುವಾಗಲೇ ಬಲಮುರಿಯಾಗಿ ಸುತ್ತುತ್ತದೆ; ಅಪರೂಪವೇನೂ ಅಲ್ಲ. ನಮ್ಮ ಶಂಖದಲ್ಲಾದರೆ ಬಲಮುರಿ ಸಿಗುವುದು ಬಲು ದುರ್ಲಭ. ಬಾರಕೂರಿನ ಆ ಹಳೆಯ ಮನೆತನ ಅಮೆರಿಕದಲ್ಲಿ ಯಾವ ಬೀದಿಯಲ್ಲಿತ್ತು, ತಿಳಿಸುವಿರಾ? ಮೊಳಗುವುದು ಮಾತ್ರ ನಿಂತಿಲ್ಲ. ನಮ್ಮ ಮೂರು ಗಂಟೆಗೆ ಅಲ್ಲಿ ಇಳಿಹೊತ್ತು ಎಂದು ಹುಡುಗಿ ನಗುತ್ತಾಳೆ.

ಹಾಗಾಗಿ ಶಾಪದ ಮಾತು ಬಿಡಿ, ಶಂಖವೇ ಸುಳ್ಳು. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದೂ, ದೋಷವಿರುವ ಸರಕನ್ನು ಹೇಳಿದ ಅವಧಿಯೊಳಗೆ ಹಿಂದಕ್ಕೆ ಪಡೆಯದಿರುವುದೂ ಅನುಚಿತ ವ್ಯಾಪಾರ ಪದ್ಧತಿ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ನಿವೃತ್ತನಿಗೆ ಸಮಯಕ್ಕೂ ಬರವಿಲ್ಲ. ‘ಕಾಡಿನ ಬೇರು’ ಎಂದು ನೀವು ಎರಡನೆಯ ಡ್ರಾಯರಿನಿಂದ ತೆಗೆದು ತೋರಿಸಿದ ಹತ್ತಾಜೋಡಿ ಯಾವ ಗಿಡದ್ದೂ ಅಲ್ಲ, ಉಡದ ಅಂಗವೆಂದೂ ಹುಡುಗಿ ಹೇಳಿದ್ದಾಳೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದನ್ನು ಇಟ್ಟುಕೊಳ್ಳುವುದೂ ಅಪರಾಧ. ಅರಣ್ಯ ಇಲಾಖೆಯವರಿಗೆ ಡ್ರಾಯರಿನ ಗುರುತನ್ನು ನಾನೇ ಹೇಳಬಲ್ಲೆ.

₹18,500 ಮತ್ತು ₹240, ಹದಿನೈದು ದಿನಗಳೊಳಗೆ ಬರಲಿ. ಕೋಳಿ ಆಹಾರದವರಿಂದ ಬಂದರೂ ಅಡ್ಡಿಯಿಲ್ಲ.

ಬಾರದಿದ್ದರೆ, ಮಕರ ಸಂಕ್ರಾಂತಿಯ ಸಪ್ತೋತ್ಸವದ ಏಳೂ ಸಂಜೆ, ತೇರು ನೋಡಲು ಬಂದ ಜನ ನಿಮ್ಮ ಓಣಿಯ ಬಾಯಲ್ಲಿ ತುಂಬಿರುವಾಗ, ಅಂಗಡಿಯ ಮುಂದೆ ನಿಂತು ಇದೇ ಶಂಖ ಊದುತ್ತೇನೆ. ತಿಂಗಳಿನಿಂದ ಅಭ್ಯಾಸ ಮಾಡುತ್ತಿದ್ದೇನೆ. ಈಗ ಸದ್ದು ಚೆನ್ನಾಗಿ ಬರುತ್ತದೆ. ಜತೆಗೆ ಅಕ್ಕನೂ ಬರುತ್ತೇನೆಂದಿದ್ದಾಳೆ. ಹದಿನಾಲ್ಕು ಮರಗಳಿಗಾಗಿ ಹನ್ನೆರಡು ವರ್ಷ ಅವಳ ಬಾಯಿಗೆ ಸಿಕ್ಕವನು ನಾನು. ಅವಳ ಮುಂದೆ ಶಂಖ ಏನೂ ಅಲ್ಲ.

ಇತಿ,
ಚೀಟಿ ಸಂಖ್ಯೆ 47ರ ಗಿರಾಕಿ