ಯೀಸ್ಟ್ ಪ್ರಯೋಗ: ಸೋಲುವುದು ಮಾದರಿ ತೆಗೆಯುವಾಗ

ಮಾನ್ಯ ಸಂಪಾದಕರೇ,

ವಿಜ್ಞಾನ ಪುಟಗಳಲ್ಲಿ ಜೀನ್‌ಗಳಿಗೆ ಸಿಗುವ ಜಾಗ, ಪ್ರೊಟೀನ್ ತಯಾರಾದ ಮೇಲೆ ಅದರಲ್ಲಾಗುವ ಮಾರ್ಪಾಡುಗಳಿಗೆ ಸಿಗುತ್ತಿಲ್ಲ. ಬ್ರೆಡ್ ಯೀಸ್ಟನ್ನೇ ನೋಡಿ. ಅದು ಬೆಳೆಯುವ ದ್ರಾವಣಕ್ಕೆ 0.4 ಮೋಲಾರ್ ಉಪ್ಪು, ಅಂದರೆ ಲೀಟರಿಗೆ ಸುಮಾರು 23 ಗ್ರಾಂ, ಸೇರಿಸಿದರೆ ಕೋಶದ ನೀರು ಹೊರಹೋಗುತ್ತದೆ. ಆಗ ಪಿಬಿಎಸ್2 ಎಂಬ ಕಿಣ್ವವು ಮೊದಲೇ ಇರುವ ಹಾಗ್1 ಪ್ರೊಟೀನಿನ 174ನೇ ಥ್ರಿಯೋನಿನ್ ಮತ್ತು 176ನೇ ಟೈರೋಸಿನ್ ಎಂಬ ಅಮೈನೋ ಆಮ್ಲಗಳಿಗೆ ಫಾಸ್ಫೇಟ್ ಅಂಟಿಸುತ್ತದೆ. ಕೆಲವೇ ನಿಮಿಷಗಳಲ್ಲಿ ಹಾಗ್1 ಕೋಶಕೇಂದ್ರ ಸೇರುತ್ತದೆ. ಕೋಶದಲ್ಲಿ ಗ್ಲಿಸರಾಲ್ ಶೇಖರವಾಗಿ ನೀರು ಮರಳುತ್ತದೆ. ನಂತರ ಫಾಸ್ಫಟೇಸ್‌ಗಳು ಆ ಫಾಸ್ಫೇಟನ್ನು ಕಿತ್ತುಹಾಕುತ್ತವೆ. ಇದೂ ಅಷ್ಟೇ ಮುಖ್ಯ. ಹಾಗ್1 ಸದಾ ಚಾಲೂ ಇದ್ದರೆ ಕೋಶ ಬೆಳೆಯುವುದಿಲ್ಲ.

ಕಾಲೇಜು ಪ್ರಯೋಗಾಲಯಗಳಲ್ಲಿ ಇದನ್ನು ವೆಸ್ಟರ್ನ್ ಬ್ಲಾಟ್‌ನಲ್ಲಿ, ಅಂದರೆ ಪ್ರೊಟೀನುಗಳನ್ನು ಪೊರೆಯ ಮೇಲೆ ಹರಡಿ ಬೇಕಾದುದನ್ನು ಪ್ರತಿಕಾಯದಿಂದ ಗುರುತಿಸುವ ವಿಧಾನದಲ್ಲಿ, ತೋರಿಸಬಹುದು. ಆದರೆ ಇಂತಹ ಪ್ರಯೋಗಗಳಲ್ಲಿ ಹೆಚ್ಚಿನವು ಮಾದರಿ ತೆಗೆಯುವ ಹೊತ್ತಿನಲ್ಲೇ ಕೆಡುತ್ತವೆ. ಕೋಶಗಳನ್ನು ಸೆಂಟ್ರಿಫ್ಯೂಜ್ ಮಾಡಿ ನೀರಿನಲ್ಲಿ ತೊಳೆಯುವಷ್ಟರಲ್ಲಿ ಉಪ್ಪಿನ ಒತ್ತಡ ಹೋಗಿ, ಫಾಸ್ಫೇಟೂ ಉದುರಿರುತ್ತದೆ. ಆದ್ದರಿಂದ ಉಪ್ಪು ಸೇರಿಸಿದ 0, 5, 15, 30, 60ನೇ ನಿಮಿಷಗಳಲ್ಲಿ ಮಾದರಿ ತೆಗೆದು, ಕಿಣ್ವಗಳನ್ನು ತಕ್ಷಣ ನಿಲ್ಲಿಸುವ ಟ್ರೈಕ್ಲೋರೋಅಸಿಟಿಕ್ ಆಮ್ಲವನ್ನು ನೇರವಾಗಿ ಬೆರೆಸಿ ಅಂತಿಮ ಪ್ರಮಾಣ ಶೇ 10ಕ್ಕೆ ತನ್ನಿ. ಕೈಗವಸು ಕಡ್ಡಾಯ, ಈ ಆಮ್ಲ ಚರ್ಮ ಸುಡುತ್ತದೆ. ಆಮೇಲೆ ತಣ್ಣನೆಯ ಅಸಿಟೋನ್‌ನಲ್ಲಿ ತೊಳೆಯಿರಿ. ಮಾದರಿಯನ್ನು ಜೆಲ್‌ಗೆ ಹಾಕುವ ಮುನ್ನ ಬೆರೆಸುವ ಲೋಡಿಂಗ್ ಬಫರಿನ ನೀಲಿ ಬಣ್ಣ ಹಳದಿಗೆ ತಿರುಗಿದರೆ ಆಮ್ಲ ಉಳಿದಿದೆ ಎಂದರ್ಥ. ಟ್ರಿಸ್ ಎಂಬ ಕ್ಷಾರ ಸೇರಿಸಿ ಸರಿಪಡಿಸಬೇಕು. ಪ್ರತಿಕಾಯ ಎಲ್ಲೆಂದರಲ್ಲಿ ಅಂಟದಂತೆ ಪೊರೆಯ ಖಾಲಿ ಜಾಗ ಮುಚ್ಚಲು (ಬ್ಲಾಕ್ ಮಾಡಲು) ಹಾಲಿನ ಪುಡಿ ಬೇಡ. ಅದರ ಕೇಸಿನ್‌ನಲ್ಲೇ ಫಾಸ್ಫೇಟ್ ಇರುವುದರಿಂದ ಹಿನ್ನೆಲೆ ಕಪ್ಪಾಗಬಹುದು, ದನದ ರಕ್ತದ ಪ್ರೊಟೀನಾದ ಬಿಎಸ್‌ಎ ವಾಸಿ. ಮನುಷ್ಯನ ಪಿ38 ಪ್ರೊಟೀನಿನ ಫಾಸ್ಫೇಟ್ ರೂಪಕ್ಕೆ ಮಾಡಿದ ಪ್ರತಿಕಾಯವೇ ಹಾಗ್1ಗೂ ಅಂಟುತ್ತದೆ. ಜೊತೆಗೆ, ಹೆಚ್ಚಿದ್ದು ಫಾಸ್ಫೇಟೋ ಪ್ರೊಟೀನೇ ಹೆಚ್ಚಾಯಿತೋ ಎಂದು ತಿಳಿಯಲು, ಒಟ್ಟು ಹಾಗ್1 ಎಷ್ಟಿದೆ ಎಂಬುದನ್ನೂ ಬೇರೆ ಪ್ರತಿಕಾಯದಿಂದ ಅಳೆಯಲೇಬೇಕು.

— ಜೀವರಸಾಯನಶಾಸ್ತ್ರ ಅಧ್ಯಾಪಕರು