ಕೂಸಿನ ಸೀಟು ಕೊಂಡರೆ ಸಾಲದು, ಬಿಗಿಯಲು ಕಲಿಸುವವರೂ ಬೇಕು

ಮಾನ್ಯ ಸಂಪಾದಕರೇ,

ಐದು ತಿಂಗಳ ಬಾಣಂತನ ಮುಗಿಸಿ ಮಗಳು ಗಂಡನ ಮನೆಗೆ ಹೊರಡುವ ದಿನ ನಮ್ಮ ಭಾಗದ ಮನೆಗಳಲ್ಲಿ ಬುತ್ತಿ, ಅಂಟಿನ ಉಂಡಿ, ಕುಂಚಿಗೆ, ಕೌದಿ ಎಲ್ಲವನ್ನೂ ನೆನಪಿಟ್ಟು ಕಟ್ಟುತ್ತಾರೆ. ಕೂಸು ಕಾರಿನಲ್ಲಿ ಹೇಗೆ ಕೂಡಬೇಕು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ, ತಾಯಿಯ ತೊಡೆ ಇದೆಯಲ್ಲ ಎಂಬ ನಂಬಿಕೆ. ಕಳೆದ ಕಬ್ಬಿನ ಹಂಗಾಮಿನಲ್ಲಿ ನಮ್ಮ ಮೊಮ್ಮಗಳನ್ನು ಬಾಗಲಕೋಟೆಯಿಂದ ಬೆಳಗಾವಿಗೆ ಕಳಿಸುವಾಗ ಅಳಿಯಂದಿರು ಹಿಂದಕ್ಕೆ ಮುಖ ಮಾಡಿ ಕೂಡಿಸುವ ಕೂಸಿನ ಸೀಟೊಂದನ್ನು ತಂದಿದ್ದರು. ಅದನ್ನು ಕಾರಿಗೆ ಕಟ್ಟಿದವನು ನಾನೇ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜಡತ್ವದ ನಿಯಮ ಪಾಠ ಮಾಡಿದ ನಾನು ಅದನ್ನು ತಪ್ಪಾಗಿ ಕಟ್ಟಿದ್ದೆ ಎಂಬುದನ್ನು ಒಪ್ಪಿಕೊಂಡೇ ಈ ಪತ್ರ ಬರೆಯುತ್ತಿದ್ದೇನೆ.

ಲೋಕಾಪುರ ದಾಟಿ ಯರಗಟ್ಟಿಯ ಕಡೆಗೆ ಹೋಗುತ್ತಿದ್ದಾಗ ಎರಡು ಟ್ರೇಲರ್ ತುಂಬ ಕಬ್ಬು ಹೇರಿದ್ದ ಟ್ರ್ಯಾಕ್ಟರೊಂದು ಹೊಲದ ದಾರಿಯಿಂದ ಏಕಾಏಕಿ ರಸ್ತೆಗೆ ಬಂತು. ಅಳಿಯಂದಿರು ಜೋರಾಗಿ ಬ್ರೇಕ್ ಹಾಕಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಕೂಸಿನ ಸೀಟು ಕೂಸಿನ ಸಮೇತ ಮುಂದಕ್ಕೆ ಜಾರಿ, ಮುಂದಿನ ಆಸನದ ಬೆನ್ನಿಗೆ ತಗುಲಿ ಓರೆಯಾಗಿ ನಿಂತಿತು. ಕೂಸು ಎಚ್ಚರಗೊಂಡು ಅತ್ತಿತು, ಅಷ್ಟೇ. ಬೇವಿನ ಮರದ ನೆರಳಿಗೆ ಗಾಡಿ ನಿಲ್ಲಿಸಿ ಸೀಟನ್ನು ಕೈಯಿಂದ ಅಲ್ಲಾಡಿಸಿ ನೋಡಿದರೆ ಅದು ಒಂದು ಗೇಣು ಅತ್ತಿತ್ತ ಸರಿಯುತ್ತಿತ್ತು. ಮಾರಿದ ಅಂಗಡಿಯಲ್ಲಿ ‘ಬೆಲ್ಟ್ ಹಾಕಿದರೆ ಆಯಿತು’ ಎಂದಷ್ಟೇ ಹೇಳಿದ್ದರಂತೆ. ದೊಡ್ಡವರು ಕಟ್ಟಿಕೊಳ್ಳುವ ಹಾಗೆ ಬೆಲ್ಟನ್ನು ಸೀಟಿನ ಮುಂದಿನಿಂದ ಅಡ್ಡ ಹಾಯಿಸಿ, ಕೊಕ್ಕೆ ‘ಟಕ್’ ಎಂದ ಕೂಡಲೇ ಕೆಲಸ ಮುಗಿಯಿತೆಂದು ನಾನು ಕೈ ಒರೆಸಿಕೊಂಡಿದ್ದೆ.

ಅಲ್ಲೇ ಕುಳಿತು ಸೀಟಿನ ಜೊತೆ ಬಂದ ಪುಸ್ತಿಕೆಯನ್ನು ಬಿಡಿಸಿದೆವು. ಏಳೆಂಟು ಭಾಷೆಗಳಿದ್ದ ಅದರಲ್ಲಿ ಕನ್ನಡ ಇರಲಿಲ್ಲ, ಹಿಂದಿಯೂ ಇರಲಿಲ್ಲ. ಚಿತ್ರಗಳನ್ನು ನೋಡುತ್ತ ಹೋದಾಗ ತಿಳಿದದ್ದು ಇದು: ಸೀಟಿನ ಅಂಚಿನಲ್ಲಿರುವ ನೀಲಿ ಗುರುತುಗಳು ಹಿಮ್ಮುಖವಾಗಿ ಕಟ್ಟುವಾಗ ಬೆಲ್ಟ್ ಹಾಯಬೇಕಾದ ದಾರಿ, ಮುಮ್ಮುಖವಾಗಿಯೂ ಕಟ್ಟಬಹುದಾದ ದೊಡ್ಡ ಸೀಟುಗಳಲ್ಲಿ ಅದಕ್ಕೆ ಕೆಂಪು ಗುರುತುಗಳಿರುತ್ತವೆ. ನಮ್ಮಂಥ ಶಿಶುಸೀಟಿನಲ್ಲಿ ಸೊಂಟದ ಬೆಲ್ಟು ಎರಡೂ ಬದಿಯ ನೀಲಿ ಸಂದುಗಳಲ್ಲಿ ಕೂಡಬೇಕು, ಹೆಗಲ ಬೆಲ್ಟು ಸೀಟಿನ ಬೆನ್ನ ಹಿಂದಿನಿಂದ ಸುತ್ತಿ ಬಂದು ಅಲ್ಲಿರುವ ನೀಲಿ ಕೊಂಡಿಯೊಳಗೆ ಸಿಗಬೇಕು. ಬೆಲ್ಟಿನಲ್ಲಿ ಎಲ್ಲಿಯೂ ತಿರುವು ಬೀಳಬಾರದು.

ದಾರಿ ಸರಿಯಾದರೂ ಬಿಗಿ ತಾನಾಗಿ ಬರುವುದಿಲ್ಲ. ನಮ್ಮಲ್ಲಿ ಓಡಾಡುವ ಹೆಚ್ಚಿನ ಕಾರುಗಳ ಬೆಲ್ಟು ಗಕ್ಕನೆ ಎಳೆದಾಗ ಮಾತ್ರ ಹಿಡಿಯುತ್ತದೆ, ಮೆಲ್ಲಗೆ ಎಳೆದರೆ ಬಿಟ್ಟುಕೊಡುತ್ತಲೇ ಹೋಗುತ್ತದೆ. ಹಾಗಾಗಿ ಸಡಿಲವನ್ನೆಲ್ಲ ನಾವೇ ತೆಗೆಯಬೇಕು. ಚಕ್ಕಡಿಗೆ ಕಣಿಕೆ ಹೇರಿ ಹಗ್ಗ ಬಿಗಿಯುವ ರೈತನನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವನು ಹಗ್ಗವನ್ನು ಬರಿದೇ ಜಗ್ಗುವುದಿಲ್ಲ, ಹೊರೆಯ ಮೇಲೆ ಕಾಲೂರಿ ಅದನ್ನು ಅಮುಕಿ ನಂತರ ಜಗ್ಗುತ್ತಾನೆ. ಇಲ್ಲಿಯೂ ಒಂದು ಕೈಯಿಂದ ಮೈಭಾರ ಹಾಕಿ ಕೂಸಿನ ಸೀಟನ್ನು ಕಾರಿನ ಮೆತ್ತೆಯೊಳಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಮೊದಲು ಸೊಂಟದ ಬೆಲ್ಟಿನ ಸಡಿಲವನ್ನೂ ಆಮೇಲೆ ಹೆಗಲ ಬೆಲ್ಟಿನ ಸಡಿಲವನ್ನೂ ಎಳೆಯಬೇಕು. ಬಳಿಕ ಬೆಲ್ಟು ಹಾಯುವ ಜಾಗದಲ್ಲೇ ಸೀಟನ್ನು ಹಿಡಿದು ಎಡಬಲಕ್ಕೂ ಹಿಂದುಮುಂದಕ್ಕೂ ಅಲ್ಲಾಡಿಸಿ ನೋಡಬೇಕು. ಒಂದು ಇಂಚಿಗಿಂತ ಹೆಚ್ಚು ಸರಿದರೆ ಕಟ್ಟಿದ್ದು ಬಿಚ್ಚಿ ಮತ್ತೆ ಕಟ್ಟಬೇಕು. ಸೀಟಿನ ಮೇಲ್ತುದಿ ಹಿಡಿದು ಅಲ್ಲಾಡಿಸಿದರೆ ಗೊತ್ತಾಗುವುದಿಲ್ಲ, ಹಿಮ್ಮುಖ ಸೀಟಿನ ಆ ತುದಿ ಸ್ವಲ್ಪ ಅಲುಗಿಯೇ ಅಲುಗುತ್ತದೆ. ಆ ದಿನ ಮೂರನೆಯ ಸಲಕ್ಕೆ ನಮಗೆ ಸಾಧಿಸಿತು, ಅಷ್ಟರಲ್ಲಿ ಅಂಗಿ ಬೆವರಿನಿಂದ ತೊಯ್ದಿತ್ತು.

ಹೊಸ ಕಾರುಗಳಲ್ಲಿ ಕೂಸಿನ ಸೀಟನ್ನು ಬೆಲ್ಟಿನ ಬದಲು ಸಿಕ್ಕಿಸಲೆಂದೇ ಐಸೋಫಿಕ್ಸ್ ಎಂಬ ಉಕ್ಕಿನ ಕೊಂಡಿಗಳು ಹಿಂದಿನ ಆಸನದ ಸಂದಿನಲ್ಲಿರುತ್ತವೆ. ಅದಕ್ಕೆ ಹೊಂದುವ ಸೀಟಾದರೆ ಕೆಲಸ ಸುಲಭ: ಎರಡೂ ತೋಳುಗಳು ಕೊಂಡಿಗೆ ಸಿಕ್ಕಿದಾಗ ಕೆಂಪು ಗುರುತು ಹಸಿರಾಗುತ್ತದೆ. ಕೆಳಗೆ ಊರುಗಾಲು ಇರುವ ಸೀಟಾದರೆ ಅದು ಕಾರಿನ ನೆಲಕ್ಕೆ ಗಟ್ಟಿಯಾಗಿ ಊರಿರಬೇಕು. ಆದರೆ ಕಾರು ಕೊಂಡ ವಾರದಲ್ಲೇ ನಾವು ಹೊಲಿಸಿ ಹಾಕಿಸುವ ದಪ್ಪ ರೆಕ್ಸಿನ್ ಹೊದಿಕೆ ಈ ಕೊಂಡಿಗಳನ್ನು ಮುಚ್ಚಿಬಿಡುತ್ತದೆ. ಎಷ್ಟೋ ಜನರಿಗೆ ತಮ್ಮ ಕಾರಿನಲ್ಲಿ ಅವು ಇವೆ ಎಂಬುದೇ ತಿಳಿದಿಲ್ಲ.

ಇಷ್ಟೆಲ್ಲ ಯಾಕೆ, ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದರೆ ಸಾಲದೇ ಎನ್ನುವವರಿಗೆ ಒಂದು ಸಣ್ಣ ಲೆಕ್ಕ. ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಆ ವೇಗದ ಕಾರು ಏನಕ್ಕಾದರೂ ಬಡಿದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತರೆ, 7 ಕಿಲೊ ಕೂಸನ್ನು ತಡೆದು ಹಿಡಿಯಲು ಸುಮಾರು ಒಂದು ಕ್ವಿಂಟಲ್ ಭಾರ ಎತ್ತುವಷ್ಟು ಬಲ ಬೇಕು. ತುಂಬಿದ ಜೋಳದ ಚೀಲ ಎದೆಗೆ ಹಾರಿ ಬಂದರೆ ಹಿಡಿದು ನಿಲ್ಲುವ ತಾಯಿಯನ್ನು ನಾನು ಕಂಡಿಲ್ಲ. ಅದೇ ಬಲ ಕೂಸಿನ ಕುತ್ತಿಗೆಯೊಂದರ ಮೇಲೆ ಬೀಳದಿರಲಿ ಎಂದೇ ಅದರ ಮುಖವನ್ನು ಹಿಂದಕ್ಕೆ ಮಾಡುವುದು. ಎಳೆಗೂಸಿನ ತಲೆಯೇ ಅದರ ಮೈಯುದ್ದದ ಕಾಲು ಭಾಗದಷ್ಟಿರುತ್ತದೆ, ಕತ್ತಿನ ಎಲುಬುಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಮುಂದಕ್ಕೆ ಮುಖ ಮಾಡಿ ಕುಳಿತಿದ್ದರೆ ಮೈಯನ್ನು ಕೂಸಿನ ಸೀಟಿನೊಳಗಿನ ಪಟ್ಟಿ ಹಿಡಿಯುತ್ತದೆ, ಭಾರವಾದ ತಲೆ ಮಾತ್ರ ಮುಂದಕ್ಕೆ ಚಿಮ್ಮುತ್ತದೆ; ಹಿಂದಕ್ಕೆ ಮುಖ ಮಾಡಿದ್ದರೆ ತಲೆ, ಕತ್ತು, ಬೆನ್ನು ಮೂರನ್ನೂ ಸೀಟಿನ ಚಿಪ್ಪು ಒಟ್ಟಿಗೆ ಆತುಕೊಳ್ಳುತ್ತದೆ. ಮುಂದಿನ ಆಸನದಲ್ಲಿ ಮಾತ್ರ ಈ ಸೀಟನ್ನು ಎಂದಿಗೂ ಇಡಬಾರದು. ಅಲ್ಲಿ ಚಾಲೂ ಇರುವ ಏರ್‌ಬ್ಯಾಗು ಕಣ್ಣೆವೆ ಮುಚ್ಚುವುದರೊಳಗೆ ಉಬ್ಬಿ ಸೀಟಿನ ಬೆನ್ನಿಗೆ, ಅಂದರೆ ನೇರವಾಗಿ ಕೂಸಿನ ತಲೆಯ ಹಿಂದಕ್ಕೆ ಅಪ್ಪಳಿಸುತ್ತದೆ.

ಇನ್ನು ಕೌದಿಯ ವಿಷಯ. ಅಜ್ಜಿಯಂದಿರು ಬೇಸರ ಮಾಡಿಕೊಳ್ಳಬಾರದು. ನಮ್ಮ ಮನೆಯವರು ನನ್ನೊಡನೆ ಎರಡು ದಿನ ಮಾತು ಬಿಟ್ಟಿದ್ದರು. ಕೂಸಿನ ಬೆನ್ನಿಗೆ ಮೆತ್ತಗಿರಲೆಂದು ಸೀಟಿನೊಳಗೆ ಕೌದಿ ಮಡಚಿ ಹಾಸಿದರೆ, ಇಲ್ಲವೇ ಉಣ್ಣೆಯ ದಪ್ಪ ಅಂಗಿ ತೊಡಿಸಿ ಪಟ್ಟಿ ಕಟ್ಟಿದರೆ, ಪಟ್ಟಿ ಬಿಗಿಯಾದಂತೆ ಕಾಣುತ್ತದೆ. ಅಪಘಾತದ ಹೊಡೆತಕ್ಕೆ ಆ ಹತ್ತಿಯೆಲ್ಲ ಚಪ್ಪಟೆಯಾದಾಗ ಪಟ್ಟಿ ಸಡಿಲಾಗಿ ಕೂಸು ನುಸುಳಿ ಹೋಗಬಹುದು. ತೆಳು ಬಟ್ಟೆಯಲ್ಲಿ ಕೂಡಿಸಿ, ಪಟ್ಟಿ ಬಿಗಿದು, ಆಮೇಲೆ ಕೌದಿಯನ್ನು ಮೇಲಿನಿಂದ ಹೊದಿಸಬೇಕು. ಹಿಮ್ಮುಖ ಸೀಟಿನಲ್ಲಿ ಹೆಗಲಿನ ಪಟ್ಟಿಗಳು ಕೂಸಿನ ಭುಜದ ಮಟ್ಟದಿಂದ ಅಥವಾ ಅದಕ್ಕಿಂತ ತುಸು ಕೆಳಗಿನಿಂದ ಬರಬೇಕು. ಭುಜದ ಹತ್ತಿರ ಪಟ್ಟಿಯನ್ನು ಎರಡು ಬೆರಳಿನಿಂದ ಚಿವುಟಿದಾಗ ಮಡಿಕೆ ಸಿಗಬಾರದು. ಸೀಟಿನ ಓರೆಯನ್ನೂ ನೋಡಬೇಕು: ತೀರ ನೆಟ್ಟಗಿದ್ದರೆ ನಿದ್ದೆಯಲ್ಲಿ ಗದ್ದ ಎದೆಗೆ ತಗುಲಿ ಎಳೆಗೂಸಿಗೆ ಉಸಿರಾಟ ಕಷ್ಟವಾಗುತ್ತದೆ, ಆದ್ದರಿಂದಲೇ ಎಷ್ಟೋ ಸೀಟುಗಳ ಬದಿಯಲ್ಲಿ ಓರೆ ತೋರಿಸುವ ಗೆರೆಯೋ ಗುಳ್ಳೆಯೋ ಇರುತ್ತದೆ. ಇದೇ ಕಾರಣಕ್ಕೆ ದಾರಿಯಲ್ಲಿ ಆಗಾಗ ನಿಲ್ಲಿಸಿ ಕೂಸನ್ನು ಎತ್ತಿಕೊಳ್ಳಬೇಕು. ಮನೆ ಮುಟ್ಟಿದ ಮೇಲೆ ಆ ಸೀಟಿನಲ್ಲೇ ಮಲಗಿಸಿಡಬಾರದು.

ಕಾನೂನು ಇಲ್ಲವೆಂದಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 194ಬಿ ಕಲಮಿನಂತೆ 14 ವರ್ಷದೊಳಗಿನ ಮಗುವನ್ನು ಬೆಲ್ಟು ಅಥವಾ ಮಕ್ಕಳ ಸೀಟಿನ ರಕ್ಷಣೆಯಿಲ್ಲದೆ ಕಾರಿನಲ್ಲಿ ಒಯ್ದರೆ 1,000 ರೂಪಾಯಿ ದಂಡವಿದೆ. 2023ರಲ್ಲಿ ಆರಂಭವಾದ, ಕಾರುಗಳನ್ನು ಡಿಕ್ಕಿ ಹೊಡೆಸಿ ನೋಡಿ ನಕ್ಷತ್ರ ಕೊಡುವ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಮಕ್ಕಳ ಸುರಕ್ಷತೆಗೆಂದೇ ಬೇರೆಯಾಗಿ 49 ಅಂಕಗಳನ್ನು ಇಟ್ಟಿದೆ. ಷೋರೂಮುಗಳು ಆ ನಕ್ಷತ್ರಗಳನ್ನು ಫಲಕದಲ್ಲಿ ದೊಡ್ಡದಾಗಿ ಬರೆಸುತ್ತವೆ. ಆದರೆ ಆ ಪರೀಕ್ಷೆಯಲ್ಲಿ ಮಕ್ಕಳ ಬೊಂಬೆಗಳನ್ನು ಕೂಡಿಸಿದ ಸೀಟನ್ನು ಬಲ್ಲವರು ಅಳೆದು ಬಿಗಿದಿರುತ್ತಾರೆ. ಬಾಗಲಕೋಟೆಯಲ್ಲಿ ಅದನ್ನು ನನ್ನಂಥವನು ಅಂದಾಜಿನ ಮೇಲೆ ಬಿಗಿಯುತ್ತಾನೆ. ಆದ್ದರಿಂದ ನನ್ನ ಬೇಡಿಕೆಗಳು ಹೆಚ್ಚೇನಿಲ್ಲ. ಇಲ್ಲಿ ಮಾರುವ ಪ್ರತಿ ಸೀಟಿನ ಜೊತೆ ಕನ್ನಡದಲ್ಲಿ ಒಂದು ಪುಟದ ಸಚಿತ್ರ ಸೂಚನೆ ಇರಬೇಕು. ಕಾರು ಮಾರುವವರು ಕೀಲಿ ಕೊಡುವ ದಿನ ಪೂಜೆ, ಪೇಢೆ, ಫೋಟೊಗಳ ನಡುವೆ ಹತ್ತು ನಿಮಿಷ ತೆಗೆದು ಐಸೋಫಿಕ್ಸ್ ಕೊಂಡಿ ಎಲ್ಲಿದೆ, ಬೆಲ್ಟು ಹೇಗೆ ಹಾಯುತ್ತದೆ ಎಂದು ಕೈ ಹಾಕಿ ತೋರಿಸಬೇಕು. ಹೆರಿಗೆ ಆಸ್ಪತ್ರೆಗಳಲ್ಲಿ ಲಸಿಕೆಯ ಚೀಟಿ ಕೊಟ್ಟು ವಿವರಿಸುವ ಹೊತ್ತಿನಲ್ಲೇ ಇದನ್ನೂ ಒಂದು ಮಾತು ಹೇಳಿದರೆ, ಕಾರಿದ್ದ ಮನೆಯವರಾದರೂ ಕೇಳಿಸಿಕೊಂಡಾರು. ಸಾರಿಗೆ ಇಲಾಖೆಯವರು ರಸ್ತೆ ಸುರಕ್ಷತಾ ಸಪ್ತಾಹದಲ್ಲಿ ಹೆಲ್ಮೆಟ್ ಜಾಥಾದ ಪಕ್ಕದಲ್ಲೇ ಒಂದು ಹಳೆಯ ಕಾರು, ಒಂದು ಸೀಟು, ಒಂದು ಬೊಂಬೆ ಇಟ್ಟರೂ ಸಾಕು.

ಇನ್ನೊಂದು ಮಾತು: ಅಣ್ಣನ ಮಗನಿಗೆ ತಂದ ಸೀಟು ಅಟ್ಟದ ಮೇಲಿದೆ, ಅದೇ ಆದೀತು ಎನ್ನುವವರು ಅದು ಯಾವುದಾದರೂ ಅಪಘಾತ ಕಂಡಿದೆಯೇ, ಬಳಕೆಯ ಅವಧಿ ಮುಗಿದಿದೆಯೇ ಎಂದು ಮೊದಲು ನೋಡಿಕೊಳ್ಳಲಿ. ಮೂರು ತಲೆಮಾರು ತೂಗಿದ ಸಾಗವಾನಿ ತೊಟ್ಟಿಲಿನ ಆಯುಷ್ಯ ಪ್ಲಾಸ್ಟಿಕ್ಕಿಗೆ ಇಲ್ಲ.

ಮೊಮ್ಮಗಳಿಗೆ ಈಗ ಹನ್ನೊಂದು ತಿಂಗಳು, ಜವಳಕ್ಕೆಂದು ಬರುವವಳಿದ್ದಾಳೆ. ಕಾಲು ಹಿಂದಿನ ಆಸನದ ಬೆನ್ನಿಗೆ ತಾಗುತ್ತಿವೆ, ಇನ್ನು ಮುಂದಕ್ಕೆ ತಿರುಗಿಸಿದರಾಗದೇ ಎಂದು ಬೀಗರು ಫೋನಿನಲ್ಲಿ ಕೇಳಿದರು. ಯುರೋಪಿನಲ್ಲಿ ಜಾರಿಯಲ್ಲಿರುವ ಆರ್129 ಎಂಬ ಮಕ್ಕಳ ಸೀಟಿನ ನಿಯಮ 15 ತಿಂಗಳಿಗಿಂತ ಮೊದಲು ತಿರುಗಿಸುವುದನ್ನು ಒಪ್ಪುವುದಿಲ್ಲ. ಸೀಟಿನ ತೂಕ, ಎತ್ತರಗಳ ಮಿತಿ ಮುಟ್ಟುವವರೆಗೂ ಹಿಮ್ಮುಖವೇ ಇರಲಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಿಂದ ಹೇಳುತ್ತ ಬಂದಿದೆ. ನಮ್ಮ ಸೀಟಿನ ಮಿತಿ 13 ಕಿಲೊ, ಅವಳ ತೂಕ 9 ಕಿಲೊ, ತಲೆ ಇನ್ನೂ ಚಿಪ್ಪಿನ ಅಂಚಿಗಿಂತ ಕೆಳಗೇ ಇದೆ. ಕಾಲು ತಾಗಿದರೆ ಚಕ್ಕಳಮಕ್ಕಳ ಹಾಕಿಕೊಂಡು ಕೂಡುತ್ತಾಳೆ ಬಿಡಿ ಎಂದು ಬೀಗರಿಗೆ ಹೇಳಿದ್ದೇನೆ.

ಇಂತಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ,
ನವನಗರ, ಬಾಗಲಕೋಟೆ