ಸೀಲು ಬಿದ್ದ ಪ್ರತಿ ಕೈಗೆ ಬರುವ ತನಕ

ತೀರ್ಥಹಳ್ಳಿ

ಪ್ರೀತಿಯ ಮಗಳೇ,

ಸೋದರಮಾವನ ಆಶೀರ್ವಾದಗಳು. ಗಂಡನಿಂದ ಡೈವೋರ್ಸು ಪಡೆಯುತ್ತೇನೆ ಎಂದು ಟೆಕ್ಸಾಸಿನಿಂದ ನೀನು ಕಳಿಸಿದ ಉದ್ದನೆಯ ಮೆಸೇಜು ಓದಿದೆ. ನಿಮ್ಮಮ್ಮ ಇನ್ನೂ ‘ಒಂಚೂರು ಹೊಂದಿಕೊಂಡು ಹೋಗಬಹುದಿತ್ತೇನೋ’ ಅನ್ನುತ್ತಲೇ ಇದ್ದಾಳೆ. ಅವಳನ್ನು ನನಗೆ ಬಿಡು. ನೀನು ಹೊಂದಿಕೊಂಡಿದ್ದು ಸಾಕು. ಬೇಕೋ ಬೇಡವೋ ಎಂಬ ಚರ್ಚೆ ಈ ಕಾಗದದಲ್ಲಿ ಬರುವುದಿಲ್ಲ. ಕೋರ್ಟಿನ ನಕಲು ವಿಭಾಗದಲ್ಲಿ ಕೂತು ತಲೆ ಬೆಳ್ಳಗಾದವನು ನಾನು, ಗೊತ್ತಿರುವುದು ಕಡತದ ವಿಷಯ. ಎಂದೋ ಮುಗಿಯಿತು ಅಂದುಕೊಂಡ ಡೈವೋರ್ಸು ಸೀಲಿಲ್ಲದ ಒಂದು ಜೆರಾಕ್ಸಿನ ದೆಸೆಯಿಂದ ಮತ್ತೆ ಕಟಕಟೆ ಹತ್ತಿದ್ದನ್ನು ಕಂಡಿದ್ದೇನೆ. ನಿನ್ನದು ಟೆಕ್ಸಾಸಿನಲ್ಲೂ ನಿಲ್ಲಬೇಕು, ಶಿವಮೊಗ್ಗದಲ್ಲೂ ನಿಲ್ಲಬೇಕು. ಅಲ್ಲಿನ ಫ್ಯಾಮಿಲಿ ಕೋಡನ್ನು, ಅಂದರೆ ಕುಟುಂಬದ ಕಾನೂನನ್ನು, ಇಂಟರ್ನೆಟ್ಟಿನಲ್ಲಿ ಕೂತು ಓದಿದ್ದೇನೆ. ರಿಟೈರಾದವನಿಗೆ ಇನ್ನೇನು ಕೆಲಸ? ಹಾಗಂತ ವಕೀಲರನ್ನು ಹಿಡಿಯದೆ ಇರಬೇಡ.

ಮೊದಲು ಒಂದು ಹಳೆಯ ಕಡತ ತರಿಸು. ನಿನ್ನ ಗಂಡನಿಗೆ ಅಲ್ಲಿಯೇ ಒಂದು ಮದುವೆಯಾಗಿ ಬಿಟ್ಟುಹೋಗಿತ್ತು ಎಂದು ಅವರ ಮನೆಯವರು ಬಾಯಿಮಾತಿನಲ್ಲಿ ಹೇಳಿದ್ದರಷ್ಟೆ, ತೀರ್ಪನ್ನು ತೋರಿಸಿರಲಿಲ್ಲ. ಆ ಡಿಕ್ರಿ, ಅಂದರೆ ಡೈವೋರ್ಸಿನ ತೀರ್ಪು, ಆಗುವ ಮುಂಚೆಯೇ ನಿನ್ನ ಕೊರಳಿಗೆ ತಾಳಿ ಬಿದ್ದಿದ್ದರೆ, ಹಿಂದೂ ವಿವಾಹ ಕಾಯ್ದೆಯ 5 ಮತ್ತು 11ನೇ ಕಲಮಿನ ಪ್ರಕಾರ ಈ ಮದುವೆಯೇ ಅನೂರ್ಜಿತ. ಆಗ ಹಾಕಬೇಕಾದ ಅರ್ಜಿಯೇ ಬೇರೆ. ಡಿಕ್ರಿಯಾದ ಮೇಲೂ 30 ದಿನ ಬೇರೊಬ್ಬರನ್ನು ಮದುವೆಯಾಗುವಂತಿಲ್ಲ ಎಂಬ ನಿಯಮ ಟೆಕ್ಸಾಸಿನಲ್ಲಿದೆ. ಆದ್ದರಿಂದ ತಾರೀಖು ನೋಡಿಯೇ ಮುಂದಿನ ಹೆಜ್ಜೆ.

ಆ ಡೈವೋರ್ಸು ಯಾವ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) ಆದದ್ದೆಂದು ಗೊತ್ತಿಲ್ಲ ಅಂದಿದ್ದೀಯ. ಇರುವುದು 254 ಕೌಂಟಿ, ಒಂದೊಂದಕ್ಕೂ ಫೋನ್ ಮಾಡುತ್ತಾ ಕೂರಬೇಡ. ಆಸ್ಟಿನ್ನಿನಲ್ಲಿರುವ ರಾಜ್ಯದ ವೈಟಲ್ ಸ್ಟ್ಯಾಟಿಸ್ಟಿಕ್ಸ್ ಎಂಬ ಜನನ, ಮರಣ, ಮದುವೆಗಳ ದಾಖಲೆ ವಿಭಾಗದ ಬಳಿ 1968ರಿಂದ ಈಚಿನ ಡೈವೋರ್ಸುಗಳ ಸೂಚಿ ಇದೆ. ಅರ್ಜಿ ಹಾಕಿದರೆ ಒಂದು ವೆರಿಫಿಕೇಶನ್ ಲೆಟರ್ ಕೊಡುತ್ತಾರೆ. ಇಂಥವರದು, ಇಂಥ ತಾರೀಖು, ಇಂಥ ಕೌಂಟಿ, ಅಷ್ಟೇ ಅದರಲ್ಲಿರುವುದು. ಅದು ತೀರ್ಪಲ್ಲ, ತೀರ್ಪಿನ ಬದಲಿಗೆ ನಡೆಯುವುದೂ ಇಲ್ಲ. ಅಸಲು ಕಡತ ಇರುವುದು ಆ ಕೌಂಟಿಯ ಡಿಸ್ಟ್ರಿಕ್ಟ್ ಕ್ಲರ್ಕ್ ಕಚೇರಿಯಲ್ಲಿ. ಕೌಂಟಿ ಕ್ಲರ್ಕ್ ಎಂಬ ಇನ್ನೊಬ್ಬರು ಇರುತ್ತಾರೆ, ಅವರ ಬಳಿ ಮದುವೆ ಲೈಸೆನ್ಸು, ಜಮೀನಿನ ಪತ್ರ ಇತ್ಯಾದಿ. ಬಾಗಿಲು ತಪ್ಪಿ ಅಲ್ಲಿ ಹೋಗಿ ನಿಲ್ಲಬೇಡ. ಆದರೆ 8,000 ಜನವೂ ಇಲ್ಲದ ಕೌಂಟಿಗಳಲ್ಲಿ ಬಹುಮಟ್ಟಿಗೆ ಇಬ್ಬರ ಕೆಲಸವನ್ನೂ ಒಬ್ಬರೇ ಮಾಡುತ್ತಾರೆ. ಲವಿಂಗ್ ಕೌಂಟಿ ಎಂಬ ಒಂದರಲ್ಲಿ 2020ರ ಜನಗಣತಿಗೆ ಸಿಕ್ಕವರು ಬರೀ 64 ಜನವಂತೆ, ನಮ್ಮ ರಥಬೀದಿಯ ಒಂದು ಸಾಲಿನಲ್ಲೇ ಅದಕ್ಕಿಂತ ಹೆಚ್ಚು ಜನ ಇದ್ದಾರು!

ಇನ್ನು ನಿನ್ನ ಅರ್ಜಿ. ನಿಮ್ಮಿಬ್ಬರಲ್ಲಿ ಒಬ್ಬರು ಟೆಕ್ಸಾಸಿನಲ್ಲಿ ಆರು ತಿಂಗಳಿಂದ, ಅರ್ಜಿ ಹಾಕುವ ಕೌಂಟಿಯಲ್ಲಿ 90 ದಿನಗಳಿಂದ ನೆಲೆಸಿರಬೇಕು. ನೀವು ಆ ಗಾಳಿಯಂತ್ರಗಳ ಊರಿಗೆ ಬಂದು ಅದಕ್ಕಿಂತ ಹೆಚ್ಚೇ ಆಯಿತಲ್ಲ, ಆ ಚಿಂತೆ ಇಲ್ಲ. ಡಲ್ಲಾಸಿಗೆ ಹೋಗಿ ಗೆಳತಿಯ ಮನೆಯಲ್ಲಿದ್ದು ಅಲ್ಲಿ ಹಾಕುತ್ತೇನೆ ಅಂದೆಯಲ್ಲ, ಅದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಗಂಡ ವಾಸವಿರುವ, ನೀವಿಬ್ಬರೂ ಕೊನೆಗೆ ಸಂಸಾರ ಮಾಡಿದ ಜಾಗದ ಕೋರ್ಟೇ ಒಳ್ಳೆಯದು. ನಮ್ಮ ಕಾಯ್ದೆಯ 19ನೇ ಕಲಮು ಕೂಡ ಅದೇ ರೀತಿ ಯೋಚಿಸುತ್ತದೆ. ಸಣ್ಣ ಕೌಂಟಿಯಲ್ಲಿ ನ್ಯಾಯಾಧೀಶರು ದಿನಾ ಕೂರುವುದಿಲ್ಲ, ಒಬ್ಬರೇ ಮೂರು ನಾಲ್ಕು ಕೌಂಟಿ ಸುತ್ತುವುದುಂಟು. ಅವರು ಬರುವ ದಿನ ಯಾವುದೆಂದು ಕ್ಲರ್ಕ್ ಕಚೇರಿಯಲ್ಲಿ ಕೇಳಿಕೋ. ‘ನಾನೀಗ ಏನು ಮಾಡಲಿ’ ಎಂದು ಮಾತ್ರ ಕೇಳಬೇಡ, ಕಾನೂನು ಸಲಹೆ ಕೊಡಲು ಅವರಿಗೆ ಅಧಿಕಾರವಿಲ್ಲ. ನಮಗೂ ಇರಲಿಲ್ಲ, ಜನ ಕೇಳುವುದನ್ನು ಬಿಡಲೂ ಇಲ್ಲ. ಶುಲ್ಕ ಕಟ್ಟಲು ಕೈಯಲ್ಲಿ ಹಣವಿಲ್ಲದಿದ್ದರೆ ಅಶಕ್ತತೆಯ ಹೇಳಿಕೆ ಸಲ್ಲಿಸುವ ನಮೂನೆ ಇದೆ, ಸಂಕೋಚಪಡಬೇಡ.

ಕಡತ ಸಾರ್ವಜನಿಕ ಎಂಬುದು ನೆನಪಿರಲಿ. ಕೌಂಟರಿನಲ್ಲಿ ಕೂತವರೇ ಸಂಜೆ ನಿನಗೆ ದಿನಸಿ ಅಂಗಡಿಯಲ್ಲಿ ಎದುರಾಗುವ ಊರು ಅದು. ಅತ್ತೆಯ ಮಾತು, ನಾದಿನಿಯ ಕೊಂಕು ಎಲ್ಲವನ್ನೂ ಪಿಟಿಷನ್ನಿನಲ್ಲಿ ಸುರಿಯಬೇಡ.

ಅರ್ಜಿ ಹಾಕಿದ ಮೇಲೆ 60 ದಿನ ಕಾಯಲೇಬೇಕು, ಅದಕ್ಕೆ ಮೊದಲು ತೀರ್ಪಿಲ್ಲ. ಅವನು ಕೈ ಮಾಡಿದ್ದು ಉಂಟಾದರೆ ಮುಚ್ಚಿಡದೆ ವಕೀಲರಿಗೆ ಹೇಳು. ರಕ್ಷಣಾ ಆದೇಶವಾದರೆ ಆ 60 ದಿನ ಅಡ್ಡ ಬರುವುದಿಲ್ಲ, ಗಂಡನ ಕೆಲಸದ ವೀಸಾವನ್ನು ನೆಚ್ಚಿದ ಎಚ್-4 ವೀಸಾದಲ್ಲಿದ್ದು ಹಿಂಸೆಗೊಳಗಾದ ಹೆಂಡತಿಗೆ ಕೆಲಸದ ಪರವಾನಗಿ ಕೇಳುವ ದಾರಿಯೂ ಇದೆ. ಹಾಗೇನಿಲ್ಲವಾದರೆ ಆತುರ ಬೇಡ. ಡಿಕ್ರಿಯಾದ ದಿನವೇ ನಿನ್ನ ಎಚ್-4 ಬಿದ್ದುಹೋಗುತ್ತದೆ. ಬೇರೆ ವೀಸಾಕ್ಕೆ ಅರ್ಜಿ ಅದಕ್ಕೆ ಮೊದಲೇ ಒಳಗೆ ಹೋಗಿರಬೇಕು, ಅದಕ್ಕೆ ಇಮಿಗ್ರೇಶನ್ ವಕೀಲರನ್ನು ಬೇರೆಯಾಗಿಯೇ ನೋಡು.

ಈಗ ಮುಖ್ಯ ವಿಷಯ, ನಿಧಾನವಾಗಿ ಓದು. ಟೆಕ್ಸಾಸಿನಲ್ಲಿ ಬಹುತೇಕರು ‘ಇನ್ನು ಒಟ್ಟಿಗೆ ಬಾಳಲಾಗದು’ ಎಂಬ ಒಂದೇ ಕಾರಣಕ್ಕೆ ಡೈವೋರ್ಸು ಪಡೆಯುತ್ತಾರೆ, ಯಾರ ತಪ್ಪೆಂದು ಹೇಳಬೇಕಾಗಿಲ್ಲ. ನಮ್ಮ ಹಿಂದೂ ವಿವಾಹ ಕಾಯ್ದೆಯಲ್ಲಿ ಆ ಕಾರಣವೇ ಇಲ್ಲ. 1991ರಲ್ಲಿ ನರಸಿಂಹ ರಾವ್–ವೆಂಕಟಲಕ್ಷ್ಮಿ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು ಇದನ್ನೇ ಹಿಡಿಯಿತು. ತಿರುಪತಿಯಲ್ಲಿ ಆದ ಮದುವೆ, ಗಂಡ ಮಿಸ್ಸೌರಿಯ ಸೇಂಟ್ ಲೂಯಿಸ್ ಕೌಂಟಿಯಲ್ಲಿ ಡಿಕ್ರಿ ತಂದು ಮತ್ತೊಬ್ಬಳನ್ನು ಮದುವೆಯಾದ, ಮೊದಲ ಹೆಂಡತಿ ದ್ವಿಪತ್ನಿತ್ವದ ದೂರು ಕೊಟ್ಟಳು. ಆ ಅಮೆರಿಕದ ಡಿಕ್ರಿ ಇಲ್ಲಿ ನಡೆಯುವುದಿಲ್ಲ ಎಂದಾಯಿತು. ತೀರ್ಪಿನ ಜೆರಾಕ್ಸ್ ಪ್ರತಿ ಸಾಕ್ಷ್ಯವಾಗುವುದಿಲ್ಲ ಎಂದು ಹೈಕೋರ್ಟು ಮೊದಲೇ ಹೇಳಿತ್ತು.

ಆದರೆ ಅದೇ ತೀರ್ಪು ದಾರಿಯನ್ನೂ ಬಿಟ್ಟಿದೆ. ಎದುರು ಪಕ್ಷದವರು ಡೈವೋರ್ಸು ಕೊಡುವುದಕ್ಕೆ ಒಪ್ಪಿದ್ದರೆ, ಅಥವಾ ತಾವಾಗಿ ಆ ಕೋರ್ಟಿಗೆ ಒಳಪಟ್ಟು ನಮ್ಮ ಕಾಯ್ದೆಯಲ್ಲಿರುವ ಕಾರಣದ ಮೇಲೇ ವಾದಿಸಿದ್ದರೆ ವಿದೇಶದ ಡಿಕ್ರಿ ನಿಲ್ಲುತ್ತದೆ. ನಿನ್ನ ಗಂಡ ಒಪ್ಪುತ್ತಾನೆ ಅಂದೆ. ಹಾಗಿದ್ದರೆ ಅವನ ಒಪ್ಪಿಗೆ ಡಿಕ್ರಿಯ ಮೈಯಲ್ಲೇ ಸ್ಪಷ್ಟ ಮಾತಿನಲ್ಲಿ ಬರಲಿ, ಕೆಳಗೆ ಅವನ ಸಹಿ ಬೀಳಲಿ, ಸಾಧ್ಯವಾದರೆ ಅವನೂ ಕೋರ್ಟಿಗೆ ಬಂದು ಹಾಜರಿ ದಾಖಲಾಗಲಿ. ಸಮನ್ಸ್ ಬೇಡವೆಂದು ವೇವರ್ ಬರೆದುಕೊಡುತ್ತಾನಾದರೆ ಅದು ನೋಟರಿಯ ಮುಂದೆ ಆಗಬೇಕು, ನಿನ್ನ ಅರ್ಜಿ ದಾಖಲಾದ ಮೇಲೆಯೇ ಸಹಿಯಾಗಬೇಕು. ಮೊದಲೇ ಸಹಿ ಮಾಡಿಸಿಟ್ಟುಕೊಂಡ ವೇವರ್ ನಡೆಯುವುದಿಲ್ಲ. ನಾಳೆ ಅವನು ತಿರುಗಿಬಿದ್ದು ತಕರಾರಿಗೆ ನಿಂತರೆ ಕ್ರೌರ್ಯದ ಕಾರಣವನ್ನೂ ಸೇರಿಸಬಹುದೇ ಎಂದು ವಕೀಲರನ್ನು ಕೇಳು. ಅದು ಟೆಕ್ಸಾಸಿನ ಕೋಡಿನಲ್ಲೂ ಇದೆ, ನಮ್ಮ 13ನೇ ಕಲಮಿನಲ್ಲೂ ಇದೆ. ಈ ಎರಡು ಕಡೆಯ ಹೊಂದಿಕೆ ಅಲ್ಲಿನ ಸಣ್ಣ ಊರಿನ ವಕೀಲರಿಗೆ ಹೊಳೆಯಲಿಕ್ಕಿಲ್ಲ, ನೀನೇ ಹೇಳಬೇಕಾದೀತು. ಇಲ್ಲಿಗೇ ಬಂದು 13-ಬಿ ಕೆಳಗೆ ಪರಸ್ಪರ ಒಪ್ಪಿಗೆಯ ಅರ್ಜಿ ಹಾಕುವುದೂ ಒಂದು ದಾರಿ. ಆದರೆ ಅದಕ್ಕೆ ನೀವು ಒಂದು ವರ್ಷ ಬೇರೆ ಇದ್ದಿರಬೇಕು, ಪುಟ್ಟಿಯ ವಿಷಯವೂ ತೀರ್ಮಾನವಾಗದೆ ಉಳಿಯುತ್ತದೆ.

ಪುಟ್ಟಿಯ ಮಾತು ಬಂತು. ‘ಮಗು ಎತ್ತಿಕೊಂಡು ಬಂದುಬಿಡು’ ಎಂದು ನಿಮ್ಮಮ್ಮ ಅಂದರೆ ಕಿವಿಗೆ ಹಾಕಿಕೊಳ್ಳಬೇಡ. ಅಪ್ಪನ ಬರಹದ ಒಪ್ಪಿಗೆ ಅಥವಾ ಕೋರ್ಟಿನ ಅನುಮತಿ ಇಲ್ಲದೆ ಕರೆತಂದರೆ ಅಲ್ಲಿ ಅದು ಫೆಡರಲ್ ಅಪರಾಧವಾಗಬಹುದು. ಮಕ್ಕಳನ್ನು ದೇಶ ದಾಟಿಸಿದ್ದರ ಬಗ್ಗೆ ಇರುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ, ಹಾಗಾಗಿ ಇಲ್ಲಿಗೆ ಬರುವ ಮಗು ಅಂದರೆ ಅಲ್ಲಿನ ನ್ಯಾಯಾಧೀಶರು ಹೆಚ್ಚೇ ಬಿಗಿ ಹಿಡಿದಾರು. ಬೇಸಿಗೆ ರಜೆಗೆ ಊರಿಗೆ ಕರೆತರುವ ಹಕ್ಕು, ಪಾಸ್‌ಪೋರ್ಟು ಯಾರ ಬಳಿ ಇರಬೇಕು, ಎರಡನ್ನೂ ಡಿಕ್ರಿಯಲ್ಲೇ ಬರೆಸಿಕೋ.

ಒಡವೆಯ ಬಗ್ಗೆ ಎರಡೇ ಮಾತು. ಮದುವೆಯ ನಂತರ ಗಳಿಸಿದ್ದು ಟೆಕ್ಸಾಸಿನಲ್ಲಿ ಸಾಮಾನ್ಯವಾಗಿ ಇಬ್ಬರದೂ ಎಂದೇ ಲೆಕ್ಕ. ನಿನಗೆ ಉಡುಗೊರೆಯಾಗಿ ಬಂದದ್ದು ನಿನ್ನದೇ, ಆದರೆ ಗಟ್ಟಿಯಾದ ಸಾಕ್ಷ್ಯ ತೋರಿಸಬೇಕು. ಅಂಗಡಿಯ ರಸೀದಿಗಳು ನಿಮ್ಮಮ್ಮನ ಕಪಾಟಿನಲ್ಲಿವೆ. ಧಾರೆಯ ಫೋಟೋಗಳ ಜೊತೆಗೆ ಅವನ್ನೂ ಸ್ಕ್ಯಾನ್ ಮಾಡಿಸಿ ಕಳಿಸುತ್ತೇನೆ.

ತೀರ್ಪಾದ ದಿನವೇ ಕ್ಲರ್ಕ್ ಕಚೇರಿಯಿಂದ ದೃಢೀಕೃತ ನಕಲು ಮೂರಾದರೂ ತೆಗೆದುಕೋ. ಸಾದಾ ಪ್ರತಿ ಬೇಡ, ಸೀಲು, ಸಹಿ ಇರುವುದೇ ಬೇಕು. ಒಂದಕ್ಕೆ ಆಸ್ಟಿನ್ನಿನ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಿಂದ ಅಪೊಸ್ಟಿಲ್, ಅಂದರೆ ಬೇರೆ ದೇಶದಲ್ಲೂ ನಡೆಯುವ ದೃಢೀಕರಣ ಪತ್ರ, ಹಾಕಿಸು. ಭಾರತವೂ 2005ರಲ್ಲಿ ಆ ವ್ಯವಸ್ಥೆಗೆ ಸೇರಿದೆ. ಆ ಪ್ರತಿಯನ್ನು ಲ್ಯಾಮಿನೇಟ್ ಮಾಡಿಸಬೇಡ, ಪಿನ್ನು ಬಿಚ್ಚಬೇಡ. ತವರಿನ ಹೆಸರು ವಾಪಸು ಬೇಕಿದ್ದರೆ ಅದೇ ಡಿಕ್ರಿಯಲ್ಲಿ ಕೇಳಿಕೊಳ್ಳಬಹುದು.

ಮದುವೆ ನೋಂದಣಿಯ ಹೊಸ ನಕಲಿಗೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನಾನೇ ಅರ್ಜಿ ಕೊಡುತ್ತೇನೆ. ನಿಮ್ಮಿಬ್ಬರ ಹೆಸರು ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಅಕ್ಷರ ಬಿಡದೆ ಟೈಪ್ ಮಾಡಿ ಕಳಿಸು. ಒಂದು ಕಡೆ ಇನಿಷಿಯಲ್ಲು, ಇನ್ನೊಂದು ಕಡೆ ಊರ ಹೆಸರು ಎಂಬ ನಮ್ಮ ಕಡೆಯ ತಾಪತ್ರಯ ಡಿಕ್ರಿಯೊಳಗೆ ನುಸುಳಬಾರದು. ಡಿಕ್ರಿಯ ಕರಡು ಬಂದ ಕೂಡಲೇ, ಸಹಿಗೆ ಮೊದಲು, ನನಗೂ ಒಂದು ಪ್ರತಿ ಬರಲಿ. ರಾತ್ರಿ ಎಷ್ಟು ಹೊತ್ತಿಗಾದರೂ ಫೋನ್ ಮಾಡು, ಈಗೀಗ ನನಗೆ ಹೇಗೂ ನಿದ್ದೆ ಕಡಿಮೆ.

ನಿನ್ನ
ಮಾವ